ಪರದೇಶದಿಂದ ತಿರುಗಿ ಬಂದವರು ಬದುವಿಗೆ ಏನು ಹಚ್ಚಬೇಕು?



ಹೋದ ವರ್ಷ ಯುಗಾದಿ ಮುಗಿದ ಮೇಲೆ ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಿಂದ ಗಂಡಹೆಂಡತಿ ಇಬ್ಬರು ನನ್ನನ್ನು ಕಾಣಲಿಕ್ಕೆ ಬಂದಿದ್ದರು. ಹನ್ನೊಂದು ವರ್ಷ ಮಸ್ಕತ್ತಿನಲ್ಲಿ ದುಡಿದು ತಿರುಗಿ ಬಂದವರು. ನಾಲ್ಕು ಎಕರೆ ಹೊಲ ಅಷ್ಟೂ ದಿನ ಪಾಲಿಗೆ ಕೊಟ್ಟಿತ್ತು. ಬದು ಅಲ್ಲಲ್ಲಿ ಒಡೆದಿದ್ದವು, ಬದುವಿನ ಮೇಲಿದ್ದ ಬೇವು ಹುಣಸೆ ಯಾರದೋ ಒಲೆಗೆ ಹೋಗಿದ್ದವು. ತಂದ ಹಣದಲ್ಲಿ ಅರ್ಧ ಮನೆ ದುರಸ್ತಿಗೇ ಮುಗಿದಿತ್ತು.

ಆತ ಕೇಳಿದ್ದು ಇಷ್ಟು: “ಸಾಹೇಬ್ರ, ಹೊಲದ ತುಂಬ ನೀಲಗಿರಿಯಂಥಾದ್ದು ಏನಾರ ಹಚ್ಚಿ ಬಿಟ್ರ ಹೆಂಗ್ರಿ? ದನ ತಿನ್ನಂಗಿಲ್ಲ, ನೀರು ಕಟ್ಟೂದಿಲ್ಲ, ಕಾಯೂದಿಲ್ಲ.”

ನಾನು ಬಾಯಿ ತೆಗೆಯುವುದರೊಳಗೆ ಆಕೆಯೇ ಅಂದಳು: “ಹಂಗಾರ ನಾವು ಊರಿಗೆ ಬಂದೀವೋ, ಮತ್ತ ಹೋಗಾಕ ನಿಂತೀವೋ?”

ನೀಲಗಿರಿಯನ್ನು ಹೊಸದಾಗಿ ಬೆಳೆಸಬಾರದೆಂದು 2017ರಲ್ಲಿ ಸರಕಾರ ಆದೇಶ ಹೊರಡಿಸಿದ್ದನ್ನು ನಾನು ಅವರಿಗೆ ತಿಳಿಸಿದೆ. ಆದರೆ ಆ ತಾಯಿ ಕೇಳಿದ ಪ್ರಶ್ನೆಗೆ ಆದೇಶ ಉತ್ತರವಾಗುವುದಿಲ್ಲ. ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಹಿರಿಯರಿಗೆ ನೆನಪಿದ್ದೀತು, ಹರೆಯದವರಿಗೆ ಹೇಳಬೇಕು.

ಶ್ರೀ ಎಸ್. ಆರ್. ಹಿರೇಮಠ ಅವರ ಹೆಸರನ್ನು ನೀವು ಗಣಿಗಾರಿಕೆಯ ಮೊಕದ್ದಮೆಯಲ್ಲಿ ಕೇಳಿರುತ್ತೀರಿ. ಅದು ಬಹಳ ಮುಂದಿನ ಮಾತು. ಮೂಲತಃ ಗದಗ ಕಡೆಯ ಬೆಳವಣಕಿಯವರು. ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋಗಿ, ಷಿಕಾಗೋ ನಗರದಲ್ಲಿ ಕೆಲಸದಲ್ಲಿದ್ದರು. 1974ರಲ್ಲಿ ಅಲ್ಲಿಯ ಗೆಳೆಯರು ಕೂಡಿ ಇಂಡಿಯಾ ಡೆವಲಪ್‌ಮೆಂಟ್ ಸರ್ವಿಸ್ ಎಂಬ ಸಂಸ್ಥೆ ಕಟ್ಟಿದರು. 1979ರಲ್ಲಿ ಅವರು ಪತ್ನಿಯೊಡನೆ ತಿರುಗಿ ಬಂದು ರಾಣೇಬೆನ್ನೂರ ತಾಲೂಕಿನ ಮೇಡ್ಲೇರಿಯಲ್ಲಿ ನೆಲೆ ನಿಂತು ಗ್ರಾಮದ ಕೆಲಸ ಹಿಡಿದರು. ಪತ್ನಿ ಮೇವಿಸ್ ಅಮೆರಿಕದವರು, ಇಲ್ಲಿ ಶ್ಯಾಮಲಾ ಆದರು. ಗಂಡನಿಗಾದರೂ ಭಾಷೆ ತನ್ನದು, ರೊಟ್ಟಿ ತನ್ನದು. ಆಕೆಗೆ ತವರೂ ಅಲ್ಲ, ಗಂಡನ ಹುಟ್ಟೂರೂ ಅಲ್ಲ. ಇಂಥ ಕಡೆ ಬಾಳುವೆ ಹೂಡುವುದು ಎಷ್ಟು ಕಷ್ಟವೆಂಬುದು ಮದುವೆಯಾಗಿ ಬೇರೆ ಊರಿಗೆ ಬಂದ ನಮ್ಮ ತಾಯಂದಿರಿಗೆ ಹೇಳಬೇಕಾದದ್ದಿಲ್ಲ.

ಈಗ ನಮ್ಮ ಹಾನಗಲ್ಲ ತಾಲೂಕಿನ ಕುಸನೂರಿಗೆ ಬರೋಣ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಹುಟ್ಟಿತು. ಅದರಲ್ಲಿ ಸರಕಾರದ ಅರಣ್ಯ ನಿಗಮದ ಪಾಲು ನೂರಕ್ಕೆ 51, ಹರಿಹರ ಪಾಲಿಫೈಬರ್ಸ್ ಕಾರಖಾನೆಯ ಪಾಲು 49. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಈ ನಾಲ್ಕು ಜಿಲ್ಲೆಗಳ ಸಿ ಮತ್ತು ಡಿ ದರ್ಜೆಯ ಜಮೀನಿನಲ್ಲಿ ಸುಮಾರು 30,000 ಹೆಕ್ಟೇರು, ಅಂದರೆ 75,000 ಎಕರೆ, ಆ ಕಂಪನಿಗೆ ಗೊತ್ತಾಯಿತು. ಆಗ ಹಾನಗಲ್ಲ ಧಾರವಾಡ ಜಿಲ್ಲೆಗೇ ಸೇರಿತ್ತು. ಕಾರಖಾನೆಗೆ ಬೇಕಾದದ್ದು ತಿರುಳು, ಆದ್ದರಿಂದ ನೆಟ್ಟದ್ದು ನೀಲಗಿರಿ.

ಈ ಸಿ ಮತ್ತು ಡಿ ಜಮೀನು ಕಾಗದದಲ್ಲಿ ಪಡ ಬಿದ್ದ ಭೂಮಿ. ಊರವರ ಕಣ್ಣಿಗೆ ಅದು ದನ ಮೇಯುವ ಅಡವಿ, ಹೊರೆ ಕಟ್ಟಿಗೆ ಸಿಗುವ ಜಾಗ, ಕುಂಟಿ ಕೂರಿಗೆಗೆ ಮರ ಸಿಗುವ ಜಾಗ. ಹೊಲ ಇಲ್ಲದವನ ಮನೆಯ ಆಡು ಆ ಜಾಗವನ್ನೇ ನಂಬಿ ಬದುಕುತ್ತಿತ್ತು. ನೀಲಗಿರಿ ಎಲೆಯನ್ನು ಆಡು ಕೂಡ ಮೂಸಿ ನೋಡಿ ಬಿಡುತ್ತದೆ. ಒತ್ತಾಗಿ ಬೆಳೆದ ನೀಲಗಿರಿಯ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ.

ಹಿರೇಮಠ ದಂಪತಿಗಳು ಬಂದು ಆಗ ಐದಾರು ವರ್ಷವಾಗಿತ್ತು. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 1984ರಲ್ಲಿ ಆರಂಭವಾಗಿತ್ತು. ಊರವರ ಈ ಅಳಲನ್ನು ಅದು ಸುಪ್ರೀಂ ಕೋರ್ಟಿಗೆ ಒಯ್ದಿತು, ಅರ್ಜಿದಾರರಲ್ಲಿ ಡಾ. ಶಿವರಾಮ ಕಾರಂತರು ಮೊದಲಿಗರು. 1987ರ ಮಾರ್ಚ್ ತಿಂಗಳಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತರು. ಕಿತ್ತು ಮನೆಗೆ ಹೋಗಲಿಲ್ಲ, ಮೇವಿಗೆ, ಹಣ್ಣಿಗೆ, ಉರುವಲಿಗೆ ಬರುವ ಸಸಿಗಳನ್ನು ಅಲ್ಲಿಯೇ ನೆಟ್ಟರು. ಅದಕ್ಕೇ “ಕಿತ್ತಿಕೊ–ಹಚ್ಚಿಕೊ” ಸತ್ಯಾಗ್ರಹವೆಂದು ಹೆಸರು. ಮೈಸೂರು ಕಡೆಯವರು ಸಸಿ ನೆಡುತ್ತಾರೆ, ನಾವು ಹಚ್ಚುತ್ತೇವೆ. ಹೆಸರಿನಲ್ಲಿಯೇ ನಮ್ಮ ಊರ ಮಾತಿದೆ ನೋಡ್ರಿ. 1990ರ ದಶಕದ ಆರಂಭದ ಹೊತ್ತಿಗೆ ಆ ಕಂಪನಿ ಮುಚ್ಚಿಹೋಯಿತು.

ಇದನ್ನೆಲ್ಲ ನಾನು ಮಸ್ಕತ್ತಿನಿಂದ ಬಂದ ಆ ದಂಪತಿಗಳಿಗೆ ಹೇಳಿದೆ. ಸತ್ಯಾಗ್ರಹ ಮಾಡಿರೆಂದು ಅಲ್ಲ. ಹಚ್ಚಿ ಬಿಟ್ಟು ಹೋಗುವವನಿಗೆ ಒಂದು ತೆರನ ಮರ ಬೇಕು, ಮನೆಯಲ್ಲಿ ಇರುವವರಿಗೆ ಇನ್ನೊಂದು ತೆರನದು. ದನ ತಿನ್ನುವ ಗಿಡವನ್ನು ಕಾಯಬೇಕು. ಕಾಯಬೇಕಾದರೆ ಮನುಷ್ಯ ಊರಲ್ಲಿ ಇರಬೇಕು. ನೀವು ಇರುವವರಾದರೆ ಎರಡನೆಯ ತೆರನದನ್ನು ಹಚ್ಚಿರಿ ಎಂದೆ.

ಇನ್ನು ಕೆಲಸದ ಮಾತು.

ಮೊದಲನೆಯದಾಗಿ, ಬಂದ ವರ್ಷವೇ ಹೊಲದ ತುಂಬ ಗಿಡ ಹಾಕಬೇಡಿರಿ. ಮರ ಮೊದಲ ಮೂರು ನಾಲ್ಕು ವರ್ಷ ಕೈಗೆ ಕಾಸು ಕೊಡುವುದಿಲ್ಲ. ತಂದ ಗಂಟು ಅಷ್ಟರೊಳಗೆ ಕರಗುತ್ತದೆ. ನಡುಹೊಲದಲ್ಲಿ ಗೋವಿನಜೋಳ, ಸೋಯಾ, ಶೇಂಗಾ ನಡೆದೇ ಇರಲಿ. ಗಿಡ ಬದುವಿಗೆ ಹೋಗಲಿ.

ಬದು ಹಿಡಿಯುವ ಮೊದಲು ಪಹಣಿ, ನಕಾಶೆ ತೆಗೆಸಿ ಹದ್ದು ನೋಡಿಕೊಳ್ಳಿರಿ. ಹತ್ತು ವರ್ಷದಲ್ಲಿ ಬದು ಒಂದು ಮಾರು ಅತ್ತ ಸರಿದಿರುವುದೂ ಉಂಟು. ಎರಡೂ ಹೊಲದ ನಡುವಿನ ಬದುವಿಗೆ ಮರ ಹಚ್ಚಬೇಕೆಂದರೆ ಬಾಜೂ ಹೊಲದವನನ್ನು ಕೇಳಿರಿ. ನಿಮ್ಮ ಮರದ ನೆರಳು ಅವನ ಬೆಳೆಯ ಮೇಲೆ ಬಿದ್ದರೆ ಜಗಳ ಬೇರಿನೊಡನೆಯೇ ಬೆಳೆಯುತ್ತದೆ. ದಾರಿ ಕಡೆ, ಹಳ್ಳದ ಕಡೆಯ ಬದು ಮೊದಲು ಹಿಡಿಯುವುದು ಒಳ್ಳೇದು.

ಬೇಗ ಕೈಗೆ ಹತ್ತುವುದು ಚೊಗಚಿ. ಬೀಜದಿಂದಲೇ ಏಳುತ್ತದೆ, ನೀರಿದ್ದರೆ ಅದೇ ವರ್ಷ ಎಮ್ಮೆಗೆ, ಆಡಿಗೆ ಸೊಪ್ಪು ಕೊಯ್ಯಬಹುದು, ಹೂವು ಪಲ್ಯಕ್ಕೆ. ಗ್ಲಿರಿಸಿಡಿಯಾ ಅಂದರೆ ಗೊಬ್ಬರದ ಗಿಡ. ಹೆಬ್ಬೆರಳು ಗಾತ್ರದ, ಮೂರು ಅಡಿ ಉದ್ದದ ಕಡ್ಡಿಯನ್ನು ಮಳೆ ಹಿಡಿದ ಕೂಡಲೇ ಊರಿದರೆ ಚಿಗುರುತ್ತದೆ. ಸೊಪ್ಪು ಸವರಿ ಹೊಲಕ್ಕೆ ಹಾಕಿದರೆ ಸಾರಜನಕ ಸಿಗುತ್ತದೆ. ನಡುನಡುವೆ ಬೇವು, ಹೊಂಗೆ ಇರಲಿ. ಹುಣಸೆ ಒಂದೆರಡು ಸಾಕು, ಅದು ಮೊಮ್ಮಕ್ಕಳ ಗಿಡ.

ಮಾವಿಗೆ ನಮ್ಮ ಹಾನಗಲ್ಲ ಮೊದಲಿನಿಂದ ಹೆಸರಾದದ್ದು. ಅರ್ಧ ಎಕರೆ ಮೀಸಲಿಡಬಹುದಾದರೆ ಬೇಸಿಗೆಯಲ್ಲಿಯೇ ಮೂರಡಿ ಉದ್ದ, ಅಗಲ, ಆಳದ ಕುಣಿ ತೋಡಿ ಬಿಸಿಲಿಗೆ ಬಿಡಿರಿ. ಕುಣಿಯಿಂದ ಕುಣಿಗೆ ಮೂವತ್ತು ಅಡಿ ಇರಲಿ. ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೆ ಕಾಣಬೇಕು, ಹೂಳಬಾರದು. ಗಂಟಿನ ಕೆಳಗೆ ಒಡೆದ ಚಿಗುರು ಚಿವುಟಿರಿ, ಇಲ್ಲವಾದರೆ ಆಪೂಸ ಸತ್ತು ಕಾಡುಮಾವು ಉಳಿಯುತ್ತದೆ. ಸಾಲುಗಳ ನಡುವೆ ಮೊದಲ ವರ್ಷಗಳಲ್ಲಿ ಶೇಂಗಾ ಬಿತ್ತಬಹುದು. ಮೊದಲ ಎರಡು ಬೇಸಿಗೆ ಕೊಡದಿಂದಲಾದರೂ ನೀರು ಕೊಡಲೇಬೇಕು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011ರಿಂದ ಬಂದದ್ದು. ಅದರಲ್ಲಿ ಹಣ ಸಿಗುವುದು ನೆಟ್ಟ ಗಿಡದ ಲೆಕ್ಕಕ್ಕಲ್ಲ, ಬದುಕಿ ಉಳಿದ ಗಿಡದ ಲೆಕ್ಕಕ್ಕೆ, ಮೂರು ವರ್ಷದವರೆಗೆ. ನನಗೆ ಈ ನಿಯಮ ಬಹಳ ಸರಿ ಅನ್ನಿಸುತ್ತದೆ. ಪಹಣಿ, ಆಧಾರ, ಬ್ಯಾಂಕ್ ಪುಸ್ತಕ ತೆಗೆದುಕೊಂಡು ಮಳೆಗೆ ಮುಂಚೆಯೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಹೆಸರು ನೋಂದಾಯಿಸಿರಿ, ಈ ವರ್ಷದ ದರವನ್ನು ಅಲ್ಲಿಯೇ ಕೇಳಿಕೊಳ್ಳಿರಿ.

ಆ ದಂಪತಿಗಳು ಅರವತ್ತು ಚೊಗಚಿ ಎಬ್ಬಿಸಿದ್ದರು. ಇಪ್ಪತ್ತನ್ನು ಊರ ಆಡುಗಳು ತಿಂದವು, ನಾಲ್ವತ್ತು ಉಳಿದಿವೆ. ಮೊನ್ನೆ ಹೋದಾಗ ಆಕೆ ಬದುವಿಗೆ ಮುಳ್ಳು ಒತ್ತುತ್ತಿದ್ದಳು. ಆತ ಮಾವಿನ ಕುಣಿ ತೋಡಲಿಕ್ಕೆ ಹಿಡಿದಿದ್ದ. ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು, ಹನ್ನೊಂದು ವರ್ಷ ಗುದ್ದಲಿ ಹಿಡಿದಿರಲಿಲ್ಲವಲ್ಲ. ಎಂಟು ಕುಣಿ ಆಗಿವೆ, ಇನ್ನು ಹನ್ನೆರಡು ಉಳಿದಿವೆ. ಮೃಗಶಿರ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ನಿಮ್ಮ ಹೊಲದ ಕುಣಿಗಳೂ ಅಷ್ಟರೊಳಗೆ ಆಗಲಿ.