ಹವೆಯನ್ನು ನಂಬಿದ ವೇಗ

ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯವರಿಗೆ ಮಳೆ ಬಿಸಿಲುಗಳ ಲೆಕ್ಕವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ವರ್ಷಕ್ಕೆ ಸರಾಸರಿ ಸುಮಾರು 700 ಮಿಲಿಮೀಟರು ಮಳೆ ಬೀಳುವ ನೆಲ ಇದು. ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದವನಿಗೆ ನೀರು ಬಂದಿತೆಂಬ ನೆಮ್ಮದಿ; ಮದ್ದೂರು ಮಳವಳ್ಳಿಗಳ ಕೊನೆಯ ಭಾಗದವನಿಗೆ ಬರುವುದೋ ಇಲ್ಲವೋ ಎಂಬ ಕಾತರ. ಇಂಥ ನೆಲದಲ್ಲಿ ಹುಟ್ಟಿದ ಹುಡುಗರು ಕೆಲವರು ಜಗಲಿಯ ಮೇಲೆ ಕುಳಿತು, ಕೈಯಲ್ಲಿ ಫೋನು ಹಿಡಿದು, ಮಳೆ ಇನ್ನೆಷ್ಟು ಸರದಿ ನಿಲ್ಲುತ್ತದೆ ಎಂದು ಬೆರಳೆಣಿಸುತ್ತಿದ್ದರೆ ಹಿರಿಯರು ಅಚ್ಚರಿಪಡಬೇಕಾಗಿಲ್ಲ. ಅವರು ಎಣಿಸುತ್ತಿರುವುದು ಆಟದೊಳಗಿನ ಮಳೆಯನ್ನು. ಆ ಆಟದ ಹೆಸರು ಪೋಕೆಮಾನ್. ಹವೆ ಕೂಡಿಬಂದಾಗ ಮಿಂಚಿನಂತೆ ಓಡಿ, ಕೂಡಿಬರದಿದ್ದಾಗ ಎಲ್ಲರಂತೆ ನಡೆಯುವ ದಾಳಿಗಾರನೊಬ್ಬ ಆ ಆಟದಲ್ಲಿದ್ದಾನೆ. ಅವನನ್ನು ಬಳಸುವ ಬಗೆ ಹೇಗೆಂಬುದೇ ಈ ಹೊತ್ತಿನ ಮಾತು.

ಆಟವನ್ನು ಅರಿಯದವರಿಗಾಗಿ ನಾಲ್ಕು ಮಾತು. ಪೋಕೆಮಾನ್ ಎಂದರೆ ಪಾಕೆಟ್ ಮಾನ್‌ಸ್ಟರ್, ಜೇಬಿನಲ್ಲಿ ಹಿಡಿಸುವ ರಕ್ಕಸಪ್ರಾಣಿ. ಜಪಾನಿನಲ್ಲಿ 1996ರ ಫೆಬ್ರುವರಿಯಲ್ಲಿ ಮೊದಲು ಹೊರಬಂದಿತು. ಇದನ್ನು ಕಲ್ಪಿಸಿದ ಸತೋಶಿ ತಾಜಿರಿಯವರಿಗೆ ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಹಾಕುವ ಹುಚ್ಚು. ಜೀರ್ಜಿಂಬೆಯನ್ನು ಹಿಡಿದು ಬೆಂಕಿಪೊಟ್ಟಣದಲ್ಲಿಟ್ಟು ಸೊಪ್ಪು ಹಾಕಿ ಸಾಕಿದ ನಮ್ಮ ಕಡೆಯವರಿಗೆ ಆ ಹುಚ್ಚು ಬೇಗ ಅರ್ಥವಾದೀತು. ಪಂದ್ಯದ ಕ್ರಮ ಹೀಗೆ: ಒಬ್ಬೊಬ್ಬ ಆಟಗಾರನಿಗೆ ಆರು ಪ್ರಾಣಿಗಳ ತಂಡ. ಎದುರಾಳಿಯ ಆರನ್ನೂ ನೋಡಿ, ತನ್ನ ಆರರಲ್ಲಿ ನಾಲ್ಕನ್ನು ಆರಿಸಿಕೊಂಡು, ಎರಡೆರಡಾಗಿ ಕಣಕ್ಕಿಳಿಸುತ್ತಾನೆ. ಪ್ರತಿ ಸರದಿಯಲ್ಲಿಯೂ ಇಬ್ಬರೂ ಗುಟ್ಟಾಗಿ ಆಜ್ಞೆ ಕೊಡುತ್ತಾರೆ. ಯಾವ ಪ್ರಾಣಿಗೆ ವೇಗ ಹೆಚ್ಚೋ ಅದರ ಏಟು ಮೊದಲು ಬೀಳುತ್ತದೆ. ಮೊದಲ ಏಟಿಗೆ ಎದುರಾಳಿ ಉರುಳಿದರೆ ಎರಡನೆಯ ಏಟೇ ಇಲ್ಲ. ಆದ್ದರಿಂದ ಇಲ್ಲಿ ವೇಗವೆಂಬುದು ಅಲಂಕಾರವಲ್ಲ, ಪ್ರಾಣ.

ಇದರಲ್ಲಿ ಹಣ ಕಟ್ಟುವ ಮಾತಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ, ಫೋನಿನಲ್ಲಿ ಆಡುವುದೆಲ್ಲ ಜೂಜೆಂದು ಬಗೆದು ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡ ತಂದೆತಾಯಿಗಳುಂಟು. ಅದೇ ಕಾಯಿದೆ ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಯ ಆಟಗಳನ್ನು ಬೇರೆಯಾಗಿ ಕಂಡು ಮಾನ್ಯಮಾಡಿದೆ. ಫೋನನ್ನು ಕಿತ್ತುಕೊಳ್ಳಲು ಬೇರೆ ಕಾರಣಗಳಿರಬಹುದು. ಜೂಜು ಆ ಕಾರಣವಲ್ಲ.

ಈಗ ಹವೆಯ ವಿಷಯ. ಮಳೆ ಕರೆಯುವ, ಬಿಸಿಲು ಕಾಯಿಸುವ ವಿದ್ಯೆಗಳು ಈ ಆಟಕ್ಕೆ ಬಂದುದು 1999ರಲ್ಲಿ. ಮಳೆಯಲ್ಲಿ ನೀರಿನ ಏಟಿಗೆ ಒಂದೂವರೆಯಷ್ಟು ಬಲ, ಬೆಂಕಿಗೆ ಅರ್ಧ ಬಲ. ಬಿಸಿಲಿನಲ್ಲಿ ಇದೇ ತಲೆಕೆಳಗು. ಸೋಲಾರ್ ಬೀಮ್ ಎಂಬ ಸೂರ್ಯಕಿರಣದ ಹೊಡೆತಕ್ಕೆ ಒಂದು ಸರದಿ ಕಾದು ಬಲ ಕೂಡಿಸಿಕೊಳ್ಳಬೇಕು, ಬಿಸಿಲಿದ್ದರೆ ಕಾಯಬೇಕಾಗಿಲ್ಲ. ಸಿಡಿಲಿನ ಹೊಡೆತ ಸಾಮಾನ್ಯವಾಗಿ ನೂರಕ್ಕೆ 70 ಸಲ ತಾಗುವಂಥದು. ಮಳೆ ಸುರಿಯುತ್ತಿದ್ದರೆ ತಪ್ಪುವುದೇ ಇಲ್ಲ, ಬಿಸಿಲಿದ್ದರೆ 50ಕ್ಕೆ ಇಳಿಯುತ್ತದೆ. ನೀರಿಗೂ ವಿದ್ಯುತ್ತಿಗೂ ಇರುವ ನಂಟನ್ನು ಮಳವಳ್ಳಿ ತಾಲ್ಲೂಕಿನವರಿಗೆ ನಾನು ಹೇಳಬೇಕೆ? 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತ್ತು.

ವೇಗದ ಸಂಗತಿ ಸೇರಿದುದು 2002ರಲ್ಲಿ. ಆ ವರ್ಷ ಬಂದ ಆಟದಲ್ಲಿ ಪ್ರಾಣಿಗಳಿಗೆ ಹುಟ್ಟುಗುಣಗಳನ್ನು ಕೊಟ್ಟರು. ಅವುಗಳಲ್ಲಿ ಎರಡು ನಮಗೆ ಮುಖ್ಯ. ಒಂದು ಕ್ಲೋರೋಫಿಲ್, ಶಾಲೆಯ ಪುಸ್ತಕದಲ್ಲಿ ನಾವು ಪತ್ರಹರಿತ್ತೆಂದು ಓದಿದ್ದು. ಇದುಳ್ಳ ಗಿಡಜಾತಿಯ ಪ್ರಾಣಿಗೆ ಬಿಸಿಲಿನಲ್ಲಿ ವೇಗ ಇಮ್ಮಡಿ. ಇನ್ನೊಂದು ಸ್ವಿಫ್ಟ್ ಸ್ವಿಮ್. ಇದುಳ್ಳ ಪ್ರಾಣಿಗೆ ಮಳೆಯಲ್ಲಿ ಇಮ್ಮಡಿ. ಮರಳಗಾಳಿಗೆ 2010ರಲ್ಲಿಯೂ ಹಿಮಕ್ಕೆ 2016ರಲ್ಲಿಯೂ ಇಂಥದೇ ಗುಣಗಳು ಬಂದವು.

ಇಮ್ಮಡಿಯೆಂದರೆ ಎಷ್ಟು? ವೀನಸಾರ್ ಎಂಬ, ಬೆನ್ನ ಮೇಲೆ ಹೂ ಹೊತ್ತ ದಪ್ಪ ಪ್ರಾಣಿಯೊಂದಿದೆ. ಪಂದ್ಯದ 50ನೆಯ ಮಟ್ಟದಲ್ಲಿ, ವೇಗಕ್ಕೆ ಪೂರ್ತಿ ತರಬೇತಿ ಕೊಟ್ಟರೂ ಅದರ ವೇಗ 132. ಸ್ವಭಾವವೂ ವೇಗಕ್ಕೆ ಒಲಿದದ್ದಾದರೆ 145. ಡ್ರಾಗಪಲ್ಟ್ ಎಂಬ ಬಾಣದಂಥ ಪ್ರಾಣಿಗೆ 213. ಇವೆರಡನ್ನು ಓಟಕ್ಕೆ ಬಿಟ್ಟರೆ ವೀನಸಾರ್ ಮೇಲೆ ಯಾರೂ ನಾಲ್ಕಾಣೆ ಕಟ್ಟುವುದಿಲ್ಲ. ಬಿಸಿಲು ಬರಲಿ, 132 ಎಂಬುದು 264 ಆಯಿತು. ಡ್ರಾಗಪಲ್ಟ್ ಹಿಂದೆ ಬಿತ್ತು. ಇಲ್ಲಿಯೇ ಈ ದಾಳಿಗಾರನ ಮೋಹವೂ ಇದೆ, ಮೋಸವೂ ಇದೆ. ಹುಡುಗರು 264ನ್ನು ನೆನಪಿಟ್ಟುಕೊಂಡು 132ನ್ನು ಮರೆಯುತ್ತಾರೆ.

ಮರೆಯಬಾರದೇಕೆಂದರೆ, ಆಟದ ಹವೆಗೂ ಕಟ್ಟುನೀರಿನಂತೆ ಕಾಲಮಿತಿಯುಂಟು. 2010ರ ಆಟದಲ್ಲಿ ಸಾಮಾನ್ಯ ಪ್ರಾಣಿಗಳೂ ತಮ್ಮ ಹುಟ್ಟುಗುಣದಿಂದ ಮಳೆ ಬಿಸಿಲುಗಳನ್ನು ತಂದರೆ ಅದು ಮತ್ತೊಬ್ಬ ಬದಲಿಸುವ ತನಕ ನಿಲ್ಲುತ್ತಿತ್ತು. ಎಲ್ಲರೂ ಅದನ್ನೇ ಹಿಡಿದು ಆಟ ಕೆಡುವಂತಾಯಿತು. 2013ರಿಂದ ಐದೇ ಸರದಿ. ಮಳೆ ತರುವ ಪ್ರಾಣಿಯ ಕೈಯಲ್ಲಿ ತೇವದ ಕಲ್ಲೊಂದನ್ನು ಕೊಟ್ಟರೆ ಎಂಟು ಸರದಿ. ಆದರೆ ಒಂದು ಪ್ರಾಣಿಯ ಕೈಗೆ ಒಂದೇ ವಸ್ತು, ಕಲ್ಲು ಹಿಡಿದದ್ದು ಬೇರೊಂದನ್ನು ಹಿಡಿಯಲಾರದು. ನಾಲೆಯಲ್ಲಿ ಕಟ್ಟು ಮುಗಿಯುವ ದಿನವನ್ನು ರೈತ ಹೇಗೆ ಎಣಿಸುತ್ತಾನೆಯೋ ಹಾಗೆ ಎಣಿಸಬೇಕು. ಎದುರಾಳಿಯೂ ಎಣಿಸುತ್ತಿರುತ್ತಾನೆ. ಅವನು ಏಟು ತಡೆಯುವ ಗುರಾಣಿ ಹಿಡಿದು ಒಂದು ಸರದಿ ಕಳೆಯುತ್ತಾನೆ, ಪ್ರಾಣಿ ಬದಲಿಸಿ ಇನ್ನೊಂದು ಕಳೆಯುತ್ತಾನೆ. ಐದರಲ್ಲಿ ಎರಡು ಹೋದರೆ ಉಳಿದದ್ದು ಮೂರು.

ಇನ್ನೊಂದು ಸೂಕ್ಷ್ಮವುಂಟು, ಬಲ್ಲವರೂ ಇದರಲ್ಲಿ ಎಡವುತ್ತಾರೆ. ಮಳೆ ತರುವ ಪೆಲಿಪ್ಪರ್, ಬಿಸಿಲು ತರುವ ಟೋರ್ಕೋಲ್ ಎರಡೂ ಒಟ್ಟಿಗೆ ಕಣಕ್ಕಿಳಿದರೆ ಯಾರ ಹವೆ ನಿಲ್ಲುತ್ತದೆ? ವೇಗ ಹೆಚ್ಚಿರುವ ಪೆಲಿಪ್ಪರ್‌ನ ಗುಣ ಮೊದಲು ಕೆಲಸ ಮಾಡಿ ಮಳೆ ಬರುತ್ತದೆ. ಆಮೇಲೆ ಆಮೆಯ ಜಾತಿಯ ಟೋರ್ಕೋಲ್ ನಿಧಾನವಾಗಿ ಕಣ್ಣು ತೆರೆದು ಬಿಸಿಲು ತರುತ್ತದೆ. ಕೊನೆಗೆ ಬಂದದ್ದೇ ನಿಲ್ಲುವುದು. ಅಂದರೆ ದಾಳಿಗಾರ ಎಷ್ಟು ಚುರುಕಾಗಿರಬೇಕೋ ಅವನಿಗೆ ಹವೆ ತಂದುಕೊಡುವವನು ಅಷ್ಟೇ ನಿಧಾನಿಯಾಗಿರಬೇಕು! ಮೂಲ ವೇಗದ ಪಟ್ಟಿಯಲ್ಲಿ ಟೋರ್ಕೋಲ್ 20, ಪೆಲಿಪ್ಪರ್ 65. ಈ ಒಂದು ಅಂಕಿಯ ದೆಸೆಯಿಂದ ಸೋತ ಪಂದ್ಯಗಳಿಗೆ ಲೆಕ್ಕವಿಲ್ಲ.

ನಿಜವಾದ ಹವೆಯೇ ಆಟಕ್ಕಿಳಿಯುವ ಇನ್ನೊಂದು ಬಗೆಯೂ ಉಂಟು. ಪೋಕೆಮಾನ್ ಗೋ ಎಂಬ, ಬೀದಿಯಲ್ಲಿ ನಡೆಯುತ್ತಾ ಆಡುವ ಫೋನಿನ ಆಟ ಭಾರತಕ್ಕೆ ಬಂದುದು 2016ರ ಡಿಸೆಂಬರಿನಲ್ಲಿ. ಮರುವರ್ಷ ಅದರಲ್ಲಿ ಆಯಾ ಊರಿನ ಹವೆಯನ್ನೇ ತಂದು ಸೇರಿಸಿದರು. ಮದ್ದೂರಿನಲ್ಲಿ ಮಳೆ ಬಂದರೆ ಅಲ್ಲಿನ ಹುಡುಗನ ನೀರು, ವಿದ್ಯುತ್ತು, ಹುಳುಗಳ ಜಾತಿಯ ಏಟಿಗೆ ನೂರಕ್ಕೆ 20ರಷ್ಟು ಬಲ ಹೆಚ್ಚು. ಬಿಸಿಲಾದರೆ ಬೆಂಕಿ, ಗಿಡ, ಮಣ್ಣಿನ ಜಾತಿಗಳಿಗೆ. ಹಿಮದ ಜಾತಿಯನ್ನು ಸಾಕಿದ ನಮ್ಮ ಕಡೆಯ ಹುಡುಗ ಹವೆಯ ಸಹಾಯವನ್ನು ಕಾಯುತ್ತಾ ಮುದುಕನಾದಾನು. ಆಟಗಾರರು ಒಬ್ಬರನ್ನೊಬ್ಬರು ಎದುರಿಸುವ ಪಂದ್ಯದಲ್ಲಿ ಮಾತ್ರ ಈ ಬಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನ್ಯಾಯವೆಂದೇ ನನ್ನ ಎಣಿಕೆ. ಆಗುಂಬೆಯವನಿಗೂ ಮಳವಳ್ಳಿಯವನಿಗೂ ಮೋಡ ಒಂದೇ ಬಗೆಯಾಗಿ ಒಲಿದೀತೆ?

ಮಳವಳ್ಳಿಯ ಹತ್ತಿರದ ಹಳ್ಳಿಯ ಹುಡುಗನೊಬ್ಬನ ಪಂದ್ಯವನ್ನು ನಾನು ಪಕ್ಕದಲ್ಲಿಯೇ ಕುಳಿತು ನೋಡಿದೆ. ಅವನ ಬಳಿ ಆಟದ ಯಂತ್ರವಿಲ್ಲ. ಪೋಕೆಮಾನ್ ಶೋಡೌನ್ ಎಂಬ, ಕಾಸು ಕೇಳದ ಅಂತರ್ಜಾಲದ ತಾಣದಲ್ಲಿ ಫೋನಿನಿಂದಲೇ ಆಡುತ್ತಾನೆ. ಮೂರು ಆಟಗಳಲ್ಲಿ ಎರಡು ಗೆದ್ದವನಿಗೆ ಮುಂದಿನ ಸುತ್ತು, ಸೋತವನಿಗೆ ಮನೆ. ಆರು ತಿಂಗಳಿಂದ ಕಟ್ಟಿದ ತಂಡ ಅವನದು: ಮಳೆಗೆ ಪೆಲಿಪ್ಪರ್, ಮಳೆಯಲ್ಲಿ ಓಡಲು ಕಿಂಗ್‌ಡ್ರಾ. ಎದುರಾಳಿಯದು ಟೋರ್ಕೋಲ್, ವೀನಸಾರ್.

ಮೊದಲ ಆಟದಲ್ಲಿ ನಾಲ್ಕೂ ಒಟ್ಟಿಗೆ ಇಳಿದವು. ಮಳೆ ಬಂದು ಹೋಯಿತು, ಬಿಸಿಲು ನಿಂತಿತು. ಕಿಂಗ್‌ಡ್ರಾನ ವೇಗ 137ಕ್ಕೇ ಉಳಿದು, ವೀನಸಾರ್ 264ಕ್ಕೆ ಏರಿತು. ವೀನಸಾರ್ ನಿದ್ದೆಯ ಪುಡಿ ಎರಚಿತು. ಕಿಂಗ್‌ಡ್ರಾ ನಿಂತಲ್ಲಿಯೇ ಮಲಗಿತು. ಟೋರ್ಕೋಲ್ ಬಿಸಿಲಿನ ಬಲದಿಂದ ಬೆಂಕಿ ಕಾರಿತು. ಆಟ ಬೇಗ ಮುಗಿಯಿತು.

ಹುಡುಗನ ಮುಖ ಕಪ್ಪಿಟ್ಟಿತು. ಬದಿಯಲ್ಲಿ ಎಲೆ ಮಡಿಸುತ್ತಾ ಕುಳಿತಿದ್ದ ಅವನ ತಾತ, ಆಟದ ಗಂಧವಿಲ್ಲದವರು, “ಏನ್ಲಾ ಆಯ್ತು?” ಎಂದರು. “ಮಳೆ ನಿಲ್ಲಲಿಲ್ಲ ತಾತ” ಎಂದ. “ಮಳೆ ಬತ್ತದೆ ಅಂತ ಇರೋ ಬೀಜನೆಲ್ಲ ಒಂದೇ ದಿನ ಚೆಲ್ಬುಟ್ಟಾ?” ಎಂದು ಕೇಳಿ ತಾತ ಎಲೆಯನ್ನು ಬಾಯಿಗಿಟ್ಟರು. ಹುಡುಗ “ಸುಮ್ನಿರು ತಾತ” ಎಂದನೇ ಹೊರತು, ಎರಡನೆಯ ಆಟಕ್ಕೆ ಪೆಲಿಪ್ಪರ್‌ನನ್ನು ಮುಂದೆ ತರಲಿಲ್ಲ.

ಕಿಂಗ್‌ಡ್ರಾನ ಜೊತೆಗೆ ಈ ಬಾರಿ ಇನ್ಸಿನರೋರ್ ಇಳಿಯಿತು. ಅದು ಬೆಂಕಿಯ ಹುಲಿ. ಮಳೆಯ ಹಂಗಿಲ್ಲದ್ದು, ವೇಗವೂ ಇಲ್ಲದ್ದು. ಆದರೆ ಅದಕ್ಕೆ ಫೇಕ್ ಔಟ್ ಎಂಬ ವಿದ್ಯೆ ಗೊತ್ತು: ಕಣಕ್ಕಿಳಿದ ಮೊದಲ ಸರದಿಯಲ್ಲಿ, ಎದುರಾಳಿಯ ವೇಗ ಎಷ್ಟೇ ಇರಲಿ, ಮುಂಚೆಯೇ ಒಂದು ಗುದ್ದು ಕೊಟ್ಟು ಬೆಚ್ಚಿಬೀಳಿಸುವುದು. 264ರ ವೇಗದ ವೀನಸಾರ್ ಗುದ್ದು ತಿಂದು ಆ ಸರದಿ ಏನೂ ಮಾಡದೆ ನಿಂತಿತು. ಕಿಂಗ್‌ಡ್ರಾ ಗುರಾಣಿ ಹಿಡಿಯಿತು. ಎರಡನೆಯ ಸರದಿಯಲ್ಲಿ ಇನ್ಸಿನರೋರ್ ಹಿಂದೆ ಸರಿದು ಪೆಲಿಪ್ಪರ್ ಬಂದಿತು. ಬಿಸಿಲು ಹೋಗಿ ಮಳೆ ಹಿಡಿಯಿತು. ಹಳೆಯ ಆಟಗಳಲ್ಲಿ ಹೀಗೆ ಬಂದ ಮಳೆಯ ವೇಗ ಮುಂದಿನ ಸರದಿಗೆ ದಕ್ಕುತ್ತಿತ್ತು. 2019ರ ಆಟದಿಂದ ಈಚೆಗೆ ಆ ಸರದಿಗೇ ದಕ್ಕುತ್ತದೆ. ಕಿಂಗ್‌ಡ್ರಾ 274ರ ವೇಗದಲ್ಲಿ ನುಗ್ಗಿ ಕೆಸರುನೀರಿನ ಹೊಡೆತ ಕೊಟ್ಟಿತು. ಟೋರ್ಕೋಲ್ ಉರುಳಿತು. ಬಿಸಿಲು ತರುವವನೇ ಹೋದ ಮೇಲೆ ವೀನಸಾರ್ ಮತ್ತೆ 132.

ಮೂರನೆಯ ಆಟದಲ್ಲಿ ಎದುರಾಳಿಯೂ ಎಚ್ಚೆತ್ತಿದ್ದ. ಟೋರ್ಕೋಲನ್ನು ಹಿಂದೆ ಇಟ್ಟುಕೊಂಡ. ಮಳೆ ಬಂದಿತು, ಅವನು ಗುರಾಣಿ ಹಿಡಿದು ಒಂದು ಸರದಿ ಕಳೆದ. ಅವನ ಒಂದು ಪ್ರಾಣಿ ಉರುಳಿತು. ಆ ಜಾಗಕ್ಕೆ ಟೋರ್ಕೋಲ್ ಬಂದು ಬಿಸಿಲು ಕಾಯಿಸಿತು. ಹುಡುಗ ಪೆಲಿಪ್ಪರ್‌ನನ್ನು ಹಿಂದೆ ಕರೆದು ಮತ್ತೆ ಮುಂದೆ ತಂದು ಮಳೆ ತರಿಸಿದ. ಸರದಿಗೊಂದು ಹವೆ, ನಮ್ಮ ಅಕ್ಟೋಬರ್ ತಿಂಗಳೇ ಸರಿ. ಟೋರ್ಕೋಲ್ ಬಿದ್ದಾಗ ಮಳೆ ಇನ್ನು ಮೂರು ಸರದಿ ಇತ್ತು. ಎದುರಾಳಿ ಆ ಮೂರನ್ನು ಜಿಪುಣನಂತೆ ಕಳೆದ: ಗುರಾಣಿ ಹಿಡಿದು, ಒಂದರಲ್ಲಿ ಬಲಿ ಕೊಟ್ಟು. ಮಳೆ ನಿಂತಿತು. ಪೆಲಿಪ್ಪರ್ ಅಷ್ಟರಲ್ಲಿ ಹೋಗಿತ್ತು. ವೇಗ ಕಳೆದುಕೊಂಡ ಕಿಂಗ್‌ಡ್ರಾ ಆಮೇಲೆ ಹೋಯಿತು. ಉಳಿದದ್ದು ಅತ್ತ ವೀನಸಾರ್, ಇತ್ತ ಇನ್ಸಿನರೋರ್. ಆಕಾಶ ಬರಿದು. ಮಳೆಯೂ ಇಲ್ಲ, ಬಿಸಿಲೂ ಇಲ್ಲ.

ವೀನಸಾರ್‌ಗೆ ಈಗಲೂ ಮೊದಲ ಏಟು. ಅದು ನಿದ್ದೆಯ ಪುಡಿಯನ್ನೇ ಎರಚಿತು. ಆ ಪುಡಿ ನೂರಕ್ಕೆ 25 ಸಲ ಗುರಿ ತಪ್ಪುತ್ತದೆ, ಆಗಲೂ ತಪ್ಪಿತು. ತಾಗಿದ್ದರೆ ಆಟ ಯಾರದಾಗುತ್ತಿತ್ತೋ. ಇನ್ಸಿನರೋರ್ ಬೆಂಕಿಯಾಗಿ ಮೇಲೆ ಬಿದ್ದಿತು. ಗಿಡಜಾತಿಯ ಪ್ರಾಣಿ ಆ ಏಟನ್ನು ತಾಳಲಿಲ್ಲ.

ಮುಂದಿನ ಸುತ್ತಿಗೆ ಒಂದು ವಾರ ಬಿಡುವಿತ್ತು. ಪೆಲಿಪ್ಪರ್‌ನ ಕೈಗೆ ತೇವದ ಕಲ್ಲು ಕೊಟ್ಟು ಮಳೆಯನ್ನು ಎಂಟು ಸರದಿಗೆ ಎಳೆಯುವುದೋ, ಅಥವಾ ಒಂದು ಏಟಿಗೆ ಸಾಯದಂತೆ ಕಾಯುವ ಪಟ್ಟಿಯನ್ನು ಕಟ್ಟಿ ಅದು ಎರಡು ಸಲ ಕಣಕ್ಕೆ ಬರುವಂತೆ ನೋಡಿಕೊಳ್ಳುವುದೋ ಎಂದು ಹುಡುಗ ಕೇಳಿದ. ಪಟ್ಟಿಯೇ ಲೇಸೆಂದು ನಾನು ಹೇಳಿದೆ. ಟೋರ್ಕೋಲ್ ಎದುರಿಗಿದ್ದರೆ ಎಂಟು ಸರದಿಯ ಮಳೆಯೂ ಒಂದೇ ಸರದಿಗೆ ಮುಗಿದೀತು. ಅವನು ಒಪ್ಪಲಿಲ್ಲ. ಎಲ್ಲರೂ ಟೋರ್ಕೋಲ್ ತರುವುದಿಲ್ಲವೆಂಬುದು ಅವನ ವಾದ. ಆ ವಾರವೆಲ್ಲ ಎರಡನ್ನೂ ಕಟ್ಟಿ ನೋಡುತ್ತಾ, ಒಂದು ಹಳೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆಲುವು ಸೋಲುಗಳನ್ನು ಗೀಟು ಹಾಕಿಕೊಳ್ಳುತ್ತಿದ್ದ.