ಮುಪ್ಪಿನ ಆರೈಕೆಯೂ ಒಂದು ವಿದ್ಯೆ
(ಖಡಕಿಯಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲಿಂದ ನಾಡು-ನುಡಿಗಳ ಹಿರಿಮೆಯನ್ನು ಕೇಳುವದು ರೂಢಿ. ಬೆಳಗಿನಿಂದ ಅದು ತಕ್ಕಷ್ಟು ಆಗಿದೆ. ಮಕ್ಕಳ ಹಾಡುಗಳೂ ಸೊಗಸಾಗಿ ಆದವು. ಆದುದರಿಂದ ತಮ್ಮ ಅಪ್ಪಣೆ ಪಡೆದು ನಾವು ಅಷ್ಟೊಂದು ಅಲಂಕಾರವಿಲ್ಲದ ವಿಷಯವನ್ನು ಎತ್ತಿಕೊಳ್ಳುತ್ತೇವೆ. ಹಾಸಿಗೆ ಹಿಡಿದ ನಮ್ಮ ಹಿರಿಯರನ್ನು ಮಗ್ಗುಲು ಹೊರಳಿಸುವವರು ಯಾರು, ಆ ಕೆಲಸವನ್ನು ಅವರು ಎಲ್ಲಿ ಕಲಿಯಬೇಕು, ಕಲಿತರೆ ಅದರಿಂದ ಅವರ ಸಂಸಾರ ಸಾಗುವದೋ ಇಲ್ಲವೋ ಎಂಬುದೇ ಆ ವಿಷಯ.

ನಮ್ಮ ಅಜ್ಜ-ಮುತ್ತಜ್ಜಂದಿರು ವಿಜಾಪುರ, ಕಲಬುರ್ಗಿ, ಬೆಳಗಾವಿಗಳ ಕಡೆಯಿಂದ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದವರು. 1869ರಲ್ಲಿ ಆರಂಭವಾದ ಮದ್ದುಗುಂಡಿನ ಕಾರಖಾನೆ, ದಂಡು, ರೇಲ್ವೆ, ಕಟ್ಟಡದ ಕೆಲಸ - ಯಾವುದೋ ಒಂದು ಅವರಿಗೆ ಅನ್ನ ಕೊಟ್ಟಿತು. ಬಂದವರೆಲ್ಲ ಹರೆಯದವರು. ಮುದುಕರು ಊರಲ್ಲಿಯೇ ಉಳಿದರು. ವರ್ಷಕ್ಕೊಮ್ಮೆ ಜಾತ್ರೆಗೋ ದೀಪಾವಳಿಗೋ ಹೋಗಿ ಅವರ ಕಾಲಿಗೆರಗಿ ಬಂದರೆ ಮುಗಿಯುತ್ತಿತ್ತು; ಅವರ ಮಲ-ಮೂತ್ರ ಎತ್ತಿದವರು ಊರಲ್ಲಿದ್ದ ನಮ್ಮ ಅತ್ತಿಗೆ ನಾದಿನಿಯರು. ಈಗ ಊರಿನ ಹೊಲ ಹೋಯಿತು, ಮನೆಯ ಮಾಳಿಗೆ ಬಿದ್ದಿತು. ಪೆನ್ಶನ್ ಪಡೆದವರು ಇಲ್ಲಿಯೇ ನೆಲೆನಿಂತರು. ಮುಪ್ಪು ಖಡಕಿಯ ಎರಡು ಕೋಣೆಯ ಮನೆಗೇ ಬಂದು ಕುಳಿತಿದೆ, ಮತ್ತು ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಇಲ್ಲ. ಮಗ ಹಿಂಜವಡಿಗೆ, ಸೊಸೆ ಪಿಂಪರಿಗೆ, ಮೊಮ್ಮಕ್ಕಳು ಕಾಲೇಜಿಗೆ. ಇದು ನಮ್ಮೊಬ್ಬರ ಪಾಡೂ ಅಲ್ಲ. 2011ರ ಜನಗಣತಿಯಲ್ಲಿ 60 ವರುಷ ದಾಟಿದವರು ದೇಶದಲ್ಲಿ ಸುಮಾರು 10 ಕೋಟಿ 38 ಲಕ್ಷ ಜನರಿದ್ದರು. ಆಮೇಲೆ ಆ ಸಂಖ್ಯೆ ಬೆಳೆದೇ ಇದೆ.

ನಮ್ಮವರದೇ ಒಂದು ಮನೆಯ ಸಂಗತಿ ಹೇಳುತ್ತೇವೆ, ಹೆಸರು ಬೇಡ. ಎಂಬತ್ತು ದಾಟಿದ ತಾಯಿ, ಇಂಡಿ ತಾಲೂಕಿನ ಕಡೆಯವರು. ನಲವತ್ತು ವರುಷ ಖಡಕಿ ಬಾಜಾರದಲ್ಲಿ ಕಾಯಿಪಲ್ಯದವರೊಡನೆ ಮರಾಠಿಯಲ್ಲಿ ಚೌಕಾಶಿ ಮಾಡಿ ಗೆದ್ದು ಬಂದವರು. ಲಕ್ವ ಹೊಡೆದು ಹಾಸಿಗೆ ಹಿಡಿದರು. ಲಕ್ವದೊಡನೆ ಆ ಮರಾಠಿಯೂ ಹೊರಟುಹೋಯಿತು. ಉಳಿದ ನಾಲ್ಕಾರು ಮಾತುಗಳು ತವರೂರಿನ ಕನ್ನಡದವು. ಮಗ ಒಂದು ಬ್ಯೂರೋದವರಿಗೆ ಹಣ ಕಟ್ಟಿ ಹಗಲಿನ ಹನ್ನೆರಡು ತಾಸಿಗೆ ಒಬ್ಬ ಮಾವಶಿಯನ್ನು ಗೊತ್ತುಮಾಡಿದ. ಆಕೆ ಒಳ್ಳೆಯ ಹೆಂಗಸು. ಆದರೆ ಆಕೆಗೆ ಕನ್ನಡ ಬಾರದು, ಕೆಲಸವನ್ನೂ ಯಾರೂ ಕಲಿಸಿದ್ದಿಲ್ಲ. ಈ ತಾಯಿ ದಿನವೆಲ್ಲ “ಮಗ್ಗಲಾ ಹೊಳ್ಳಸವ್ವಾ, ಬೆನ್ನ ಉರೀತೈತಿ” ಎನ್ನುವರು. ಆಕೆ ನೀರು ಕುಡಿಸುವಳು, ಫ್ಯಾನು ಹಚ್ಚುವಳು, ತಲೆ ನೇವರಿಸುವಳು. ಸಂಜೆ ಮಗ ಬರುವ ಹೊತ್ತಿಗೆ ದಣಿದು ನಿದ್ದೆ ಹತ್ತಿರುತ್ತಿತ್ತು. ಕೆಲವೇ ದಿನಗಳಲ್ಲಿ ಟೊಂಕದ ಕೆಳಗೆ ಅಂಗೈಯಗಲದ ಹುಣ್ಣು. ಅದು ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ದವಾಖಾನೆಯ ಬಿಲ್ಲು ಮಾವಶಿಯ ವರುಷದ ಸಂಬಳವನ್ನು ಮೀರಿಸಿತು.

ಮಾವಶಿಯ ಮೇಲೆ ಹರಿಹಾಯುವದು ಸುಲಭ. ಮೋಟಾರು ನಡೆಸಲು ಬಾರದವನ ಕೈಗೆ ನಾವು ಗಾಡಿ ಕೊಡುವದಿಲ್ಲ. ತಾಯಿಯನ್ನು ಮಾತ್ರ ಕೊಡುತ್ತೇವೆ. ಅಂತಃಕರಣವಿದ್ದರೆ ಸಾಕು, ಆರೈಕೆ ತಾನಾಗಿಯೇ ಬರುವದೆಂದು ನಂಬಿದ್ದೇವೆ. ಬರುವದಿಲ್ಲ. ಆಕೆಗೆ ಅಂತಃಕರಣವಿತ್ತಲ್ಲ!

ಹಾಗಾದರೆ ಕಲಿಯಬೇಕಾದುದಾದರೂ ಏನು? ತುಸು ವಿವರವಾಗಿಯೇ ಹೇಳೋಣ, ಏಕೆಂದರೆ ಇದರಲ್ಲಿ ಕಲಿಯುವಂಥದು ಏನಿದೆ ಎಂದು ಕೇಳುವವರೇ ಹೆಚ್ಚು. ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಪ್ರತಿ ಸಲ ಹಿಮ್ಮಡಿ, ಟೊಂಕದ ಎಲುಬು, ಮೊಳಕೈ, ತಲೆಯ ಹಿಂಭಾಗಗಳನ್ನು ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಅದು ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಯಿತೆಂದೇ ತಿಳಿಯಬೇಕು. ಕಪ್ಪು ತೊಗಲಿನವರಲ್ಲಿ ಕೆಂಪು ಕಾಣದೆಯೂ ಇರಬಹುದು, ಆಗ ಕೈಗೆ ಬಿಸಿ ಅಥವಾ ಗಡಸು ಹತ್ತುವದನ್ನು ನೋಡಬೇಕು. ನಮ್ಮ ಹೆಣ್ಣುಮಕ್ಕಳು ಅಲ್ಲಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ತಿಕ್ಕಲೇಬಾರದು, ಒಳಗಿನ ಮಾಂಸ ಇನ್ನಷ್ಟು ಕೆಡುವದು. ಮೇಲಕ್ಕೆ ಸರಿಸುವಾಗ ರಟ್ಟೆ ಹಿಡಿದು ಎಳೆಯಬಾರದು. ಕೆಳಗೆ ಮಡಿಸಿ ಹಾಸಿದ ಚಾದರವನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು.

ಇನ್ನು ಊಟ. ಮಲಗಿದವರ ಬಾಯಿಗೆ ಗಂಜಿ ಹೊಯ್ಯುವದು ನಮ್ಮ ಮನೆಗಳಲ್ಲಿ ದಿನನಿತ್ಯ ನಡೆಯುವ ಕೆಲಸ. ಆ ಗಂಜಿ ಉಸಿರಿನ ನಾಳಕ್ಕಿಳಿದರೆ ನ್ಯುಮೋನಿಯಾ. ನೆಟ್ಟಗೆ ಕೂಡ್ರಿಸಿ, ಸಣ್ಣ ಸಣ್ಣ ತುತ್ತು ಕೊಟ್ಟು, ಒಂದು ನುಂಗಿದ್ದನ್ನು ನೋಡಿ ಇನ್ನೊಂದು ಕೊಡಬೇಕು. ಉಂಡ ಮೇಲೂ ಅರ್ಧ ತಾಸು ಕೂಡ್ರಿಸಬೇಕು. ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಸೋತ ಕೈ ಮೊದಲು, ಕಳಚುವಾಗ ಗಟ್ಟಿ ಕೈ ಮೊದಲು. ಇಷ್ಟು ಸಣ್ಣ ಮಾತು ತಿಳಿಯದೆ ಎಷ್ಟು ಹೆಗಲುಗಳು ನೊಂದಿವೆಯೋ! ಮೂತ್ರದ ಚೀಲ ಯಾವಾಗಲೂ ಮೂತ್ರಾಶಯಕ್ಕಿಂತ ಕೆಳಗೆ ಇರಬೇಕು. ಎತ್ತುವವರು ಟೊಂಕ ಬಗ್ಗಿಸದೆ ಮೊಣಕಾಲು ಬಗ್ಗಿಸಬೇಕು, ಇಲ್ಲವಾದರೆ ವರುಷದೊಳಗೆ ಆರೈಕೆ ಮಾಡುವವರೇ ರೋಗಿಗಳಾಗುವರು. ಇಂಜೆಕ್ಷನ್ ಚುಚ್ಚುವದು, ಸಲಾಯಿನ್ ಹಚ್ಚುವದು, ಮೂತ್ರದ ನಳಿಗೆ ಹಾಕುವದು ಇವರ ಕೆಲಸವಲ್ಲವೆಂಬುದೂ ಕಲಿಕೆಯ ಒಂದು ಭಾಗವೇ. ಅದು ನರ್ಸರ ಕೆಲಸ. ಮನೆಯವರು ಒತ್ತಾಯಿಸಿದರೂ ಇಲ್ಲವೆನ್ನಲು ಬರಬೇಕು.

ಮರೆವಿನ ರೋಗದವರ ವಿಷಯದಲ್ಲಿ ಮಾತು ಇನ್ನೂ ಸೂಕ್ಷ್ಮ. ಕಾರಖಾನೆಯಲ್ಲಿ ದುಡಿದ ಅಜ್ಜ ನಸುಕಿನಲ್ಲಿ ಎದ್ದು “ಭೋಂಗಾ ಆತು, ನನ್ನ ಡಬ್ಬಿ ಎಲ್ಲೈತಿ?” ಎಂದು ಬಾಗಿಲಿಗೆ ನಡೆಯುತ್ತಾನೆ. “ರಿಟಾಯರ್ ಆಗಿ ಇಪ್ಪತ್ತೈದು ವರ್ಷ ಆತಲ್ಲೋ ಯಪ್ಪಾ” ಎಂದು ನಾವು ವಾದಿಸುತ್ತೇವೆ, ಅವನು ಸಿಟ್ಟಿಗೇಳುತ್ತಾನೆ. ಕಲಿತವರು ವಾದಿಸುವದಿಲ್ಲ. “ಇವತ್ತ ಯಾವ ಪಾಳಿ ಐತ್ರಿ ಅಜ್ಜಾರ? ಚಹಾ ಕುಡದ ಹೋಗ್ರಿ” ಎನ್ನುತ್ತಾರೆ. ಚಹಾ ಮುಗಿಯುವದರೊಳಗೆ ಬಹಳ ಸಲ ಪಾಳಿಯೂ ಮರೆತಿರುತ್ತದೆ. ಆದರೆ ಈ ಮಾತನ್ನು ಅವನ ಭಾಷೆಯಲ್ಲಿಯೇ ಆಡಬೇಕಲ್ಲವೆ? ಬೆಳೆದ ಮೇಲೆ ಕಲಿತ ನುಡಿ ಮಾಸಿ ಎಳೆತನದ ನುಡಿ ಉಳಿಯುವದನ್ನು ಈ ರೋಗದವರಲ್ಲಿ ವೈದ್ಯರು ಅನೇಕ ಕಡೆ ಕಂಡಿದ್ದಾರೆ. ಎಲ್ಲರಿಗೂ ಹಾಗಾಗದಿದ್ದರೂ ಪರನಾಡಿನಲ್ಲಿ ಮುಪ್ಪಾಗುವ ನಮ್ಮಂಥವರಿಗೆ ಇದು ಲಕ್ಷ್ಯದಲ್ಲಿಡಬೇಕಾದ ಸಂಗತಿ. ಇಲ್ಲಿ ಹುಟ್ಟಿ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಕಲಿತ ನಮ್ಮ ಹುಡುಗ-ಹುಡುಗಿಯರಿಗೆ ಹಾಸಿಗೆಯ ಬಳಿಯಲ್ಲಿ ಇರುವ ಬೆಲೆ ಬೇರೆ ಯಾರಿಗೂ ಇಲ್ಲ. ಮುದುಕರೊಡನೆ ಒಂದು ನುಡಿ, ಡಾಕ್ಟರರೊಡನೆ ಇನ್ನೊಂದು.

ಕೆಲಸದ ಮೇಲಿನ ತಾತ್ಸಾರವೊಂದು ದೊಡ್ಡ ಅಡ್ಡಿ. ಹುಡುಗಿ ಕೇಳಿದರೆ ಮನೆಯಲ್ಲಿ “ಆಯಾ ಕೆಲಸಕ್ಕ ಕಳಸೂದೇನು?” ಎಂಬ ಉತ್ತರ. ಪುಣೆಯವರು ಈ ಮಾತನ್ನು ಮೊದಲೂ ಕೇಳಿದ್ದಾರೆ. 1909ರಲ್ಲಿ ರಮಾಬಾಯಿ ರಾನಡೆಯವರ ಮುಂದಾಳ್ತನದಲ್ಲಿ ಇಲ್ಲಿ ಸೇವಾಸದನ ಆರಂಭವಾಯಿತು. ಅದು ಹೆಣ್ಣುಮಕ್ಕಳನ್ನು ದಾದಿಯ ವಿದ್ಯೆಗೆ ಅಣಿಗೊಳಿಸಿದಾಗ ಮಾನವಂತರ ಮನೆಯವರಿಗೆ ಇದು ತಕ್ಕುದಲ್ಲವೆಂದು ಮೂಗು ಮುರಿದವರಿದ್ದರು. ಇಂದು ನರ್ಸಿಂಗ್ ಸೀಟಿಗಾಗಿ ಅದೇ ಮಾನವಂತರು ಅರ್ಜಿ ಹಿಡಿದು ನಿಂತಿದ್ದಾರೆ. ನಮ್ಮ ಖಡಕಿಯಂತೂ ಈ ವಿಷಯದಲ್ಲಿ ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. ಕೈಕಾಲು ಕಳೆದುಕೊಂಡ ಸಿಪಾಯಿಗಳಿಗೆ ಉದ್ಯೋಗ ಕಲಿಸಲೆಂದು 1917ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮುಂದೆ ಇಲ್ಲಿಗೆ ಬಂದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ನಮ್ಮಲ್ಲಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಯೋಧರ ಪುನರ್ವಸತಿ ಕೇಂದ್ರ 1974ರಿಂದ ಇಲ್ಲಿದೆ. ಅಲ್ಲಿಯವರು ಗಾಲಿಕುರ್ಚಿಯ ಮೇಲೆ ಆಟ ಆಡುವದನ್ನು, ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವದನ್ನು ನಾವು ಮೆಚ್ಚುತ್ತೇವೆ. ಅಂಥವರ ಮೈಯಲ್ಲಿ ಹುಣ್ಣಾಗದಂತೆ ಪ್ರತಿದಿನ ಕಾಯುವ ಕೈಗಳಿಲ್ಲದೆ ಆಟವೂ ಇಲ್ಲ, ಚಿತ್ರವೂ ಇಲ್ಲ.

ಕಲಿಯುವದು ಎಲ್ಲಿ? ಈ ಕೆಲಸಕ್ಕೆ ಈಗ ಸರಕಾರದ ಮನ್ನಣೆಯುಳ್ಳ ಶಿಕ್ಷಣಕ್ರಮಗಳಿವೆ. ದವಾಖಾನೆಯ ಕೆಲಸಕ್ಕೆ ‘ಜನರಲ್ ಡ್ಯೂಟಿ ಅಸಿಸ್ಟಂಟ್’, ಮನೆಯ ಆರೈಕೆಗೆ ‘ಹೋಮ್ ಹೆಲ್ತ್ ಏಡ್’ ಎಂಬ ಹೆಸರಿನವು. ಕೆಲವು ತಿಂಗಳುಗಳ ಕಲಿಕೆ. ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಹಿರಿಯರ ಆರೈಕೆಗಾರರನ್ನೇ ಸಿದ್ಧಪಡಿಸುವ ಪಾಠಗಳನ್ನು ದಿಲ್ಲಿಯ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ನಡೆಸುತ್ತ ಬಂದಿದೆ. ಬೆಂಗಳೂರಿನಲ್ಲಿ 1998ರಲ್ಲಿ ಆರಂಭವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆವಿನ ರೋಗದವರ ಆರೈಕೆಯ ಜೊತೆಗೆ ಇಂಥ ಆರೈಕೆಗಾರರ ತರಬೇತಿಯನ್ನೂ ಮಾಡಿದೆ. ಊರಲ್ಲಿ ನೆಂಟರಿರುವ ಹುಡುಗಿಯರಿಗೆ ಅದು ಅನುಕೂಲ.

ಆದರೆ ಬೋರ್ಡು ನೋಡಿ ಹಣ ಕಟ್ಟಬೇಡಿ. ಪ್ರಮಾಣಪತ್ರದ ಮೇಲೆ ಯಾರ ಮುದ್ರೆ ಇರುವದು, ದವಾಖಾನೆಯಲ್ಲಿ ನಿಜವಾದ ರೋಗಿಗಳ ಬಳಿ ಎಷ್ಟು ದಿನ ಕೆಲಸ ಮಾಡಿಸುವರು, ಕಟ್ಟಿದ ಹಣಕ್ಕೆ ಪಾವತಿ ಕೊಡುವರೋ - ಇಷ್ಟನ್ನು ಮೊದಲೇ ಕೇಳಬೇಕು. ಬರಿಯ ಗೊಂಬೆಯ ಮೇಲೆ ಕಲಿತವಳಿಗೆ ನಿಜವಾದ ಅಜ್ಜಿ ಕೈ ಹಿಡಿದು ಅತ್ತಾಗ ಏನು ಮಾಡಬೇಕೆಂದು ತಿಳಿಯುವದಿಲ್ಲ.

ಗಂಡುಹುಡುಗರಿಗೂ ಈ ಮಾತು ಅನ್ವಯಿಸುತ್ತದೆ. ಜೀವಮಾನವೆಲ್ಲ ಮೀಸೆ ತಿರುವಿ ನಡೆದ ಮುದುಕ ಮೊಮ್ಮಗಳ ವಯಸ್ಸಿನವಳ ಕೈಯಿಂದ ಸ್ನಾನ ಮಾಡಿಸಿಕೊಳ್ಳಲು ನಾಚುತ್ತಾನೆ, ಸ್ನಾನವೇ ಬೇಡವೆನ್ನುತ್ತಾನೆ. ಅವನಿಗೆ ಒಬ್ಬ ಹುಡುಗ ಬೇಕು. ಅಂಥವರು ಸಿಗುವದಿಲ್ಲ.

ಪರದೇಶದ ಆಸೆಯವರಿಗೂ ದಾರಿ ಇದೆ. ಜಪಾನಿನಲ್ಲಿ ನೂರಕ್ಕೆ ಇಪ್ಪತ್ತೆಂಟಕ್ಕೂ ಹೆಚ್ಚು ಜನ 65 ದಾಟಿದವರು. 2021ರ ಜನವರಿಯಲ್ಲಿ ಭಾರತದೊಡನೆ ಅವರು ಮಾಡಿಕೊಂಡ ಒಪ್ಪಂದದ ಉದ್ಯೋಗಗಳಲ್ಲಿ ಮುದುಕರ ಆರೈಕೆಯೂ ಒಂದು. ಅದಕ್ಕೆ ಅವರ ಭಾಷೆಯ ಪರೀಕ್ಷೆ ಪಾಸಾಗಬೇಕು. ಪಾಸಾಗದೆಯೇ ಕಳಿಸುತ್ತೇವೆನ್ನುವ ಏಜಂಟರನ್ನು ಹೊಸ್ತಿಲೊಳಗೆ ಕರೆಯಬೇಡಿ.

ಇನ್ನು ಸಂಬಳದ ಮಾತು; ಇದು ಈ ಸಭೆಯಲ್ಲಿರುವ ಕಲಿಯುವವರಿಗಿಂತ ಕೆಲಸ ಕೊಡುವವರಿಗೆ ಹೆಚ್ಚು ಸಲ್ಲುವದು. ಆರೈಕೆಯವಳನ್ನು ನಾವು ಮಾವಶಿ ಎನ್ನುತ್ತೇವೆ, ಅಂದರೆ ತಾಯಿಯ ತಂಗಿ. ಹೆಸರಿಗೆ ಚಿಕ್ಕಮ್ಮ, ಚಹಾಕ್ಕೆ ಮಾತ್ರ ಬೇರೆ ಕಪ್ಪು. ನಾವು ಬ್ಯೂರೋಕ್ಕೆ ಕೊಟ್ಟ ಹಣದಲ್ಲಿ ಎಷ್ಟು ಆಕೆಯ ಕೈಗೆ ಸೇರಿತೆಂದು ಕೇಳಿದವರು ಎಷ್ಟು ಜನ? ಇಪ್ಪತ್ತನಾಲ್ಕು ತಾಸಿನ ಕೆಲಸವೆಂದು ಕರೆತಂದು, ರಾತ್ರಿ ನಾಲ್ಕು ಸಲ ಎಬ್ಬಿಸಿ, ವಾರಕ್ಕೊಂದು ರಜೆಯನ್ನೂ ಕೊಡದೆ, ನಡುವೆ ಜೋಳದ ರೊಟ್ಟಿ ಬಡಿಯಲೂ ಹಚ್ಚುವ ಮನೆಗಳು ನಮ್ಮಲ್ಲಿವೆ. ಕಲಿತು ಬಂದ ಹುಡುಗಿ ಅಂಥಲ್ಲಿ ಒಂದು ತಿಂಗಳೂ ನಿಲ್ಲುವದಿಲ್ಲ, ನಿಲ್ಲಲೂಬಾರದು. ಎಷ್ಟು ತಾಸು, ಏನೇನು ಕೆಲಸ, ಎಷ್ಟು ಹಣ, ರಜೆ ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳುವದು ಇಬ್ಬರಿಗೂ ಕ್ಷೇಮ.

ತಂದೆ-ತಾಯಿಗಳ ಪಾಲನೆಗಾಗಿ 2007ರಲ್ಲಿ ಕಾಯಿದೆಯೇ ಆಗಿದೆ. ಕಷ್ಟದಲ್ಲಿರುವ ಹಿರಿಯರ ಸಲುವಾಗಿ 14567 ಎಂಬ ಸಹಾಯವಾಣಿಯೂ ಇದೆ, ಮನೆಯ ಗೋಡೆಯ ಮೇಲೆ ಬರೆದಿಡಿ. ಆದರೆ ಕಾಯಿದೆ ಜೀವನಾಂಶ ಕೊಡಿಸಬಲ್ಲದು. ಮಧ್ಯಾಹ್ನ ಎರಡು ಗಂಟೆಗೆ ಮಗ್ಗುಲು ಹೊರಳಿಸಲಾರದು.

ಆದಕಾರಣ ಕಾರ್ಯಕಾರಿ ಮಂಡಳದ ಮುಂದೆ ನಾವು ಒಂದು ಸೂಚನೆ ಇಟ್ಟಿದ್ದೇವೆ. ಮುಂದಿನ ವರುಷದ ರಾಜ್ಯೋತ್ಸವಕ್ಕೆ ವಾದ್ಯಮೇಳ ತರಿಸದೆ ಆ ಹಣದಲ್ಲಿ ನಾಲ್ವರ, ಅಂದರೆ ಇಬ್ಬರು ಹುಡುಗಿಯರ ಮತ್ತು ಇಬ್ಬರು ಹುಡುಗರ, ಶಿಕ್ಷಣದ ಫೀಯನ್ನು ಸಂಘವೇ ಕಟ್ಟಬೇಕು. ವಾದ್ಯಮೇಳದ ಅಭಿಮಾನಿಗಳು ಕ್ಷಮಿಸಬೇಕು. ಹೆಸರು ಕೊಡುವವರು ಊಟಕ್ಕೆ ಏಳುವ ಮೊದಲು ಬಾಗಿಲ ಬಳಿಯ ಮೇಜಿನ ಮೇಲಿರುವ ವಹಿಯಲ್ಲಿ ಬರೆಸಲಿ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದವರು ಅದೇ ವಹಿಯ ಹಿಂದಿನ ಪುಟದಲ್ಲಿ ತಮ್ಮ ಮನೆಯ ಗುರುತು ಮತ್ತು ಹಗಲಿನಲ್ಲಿ ಅವರ ಬಳಿ ಯಾರಿರುತ್ತಾರೆ ಎಂಬುದನ್ನು ಬರೆಯಲಿ. ಯಾರೂ ಇರುವದಿಲ್ಲವೆಂದಾದರೆ ಹಾಗೆಂದೇ ಬರೆಯಿರಿ.