ನಮ್ಮ ಹೊಲದ ಮಣ್ಣಿನ ಲೆಕ್ಕ ನಮ್ಮ ಕೈಯಲ್ಲಿರಲಿ



ಸುವರ್ಣ ಮಹೋತ್ಸವದ ದಿನ ಮಣ್ಣಿನ ಮಾತು ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಇಲ್ಲಿ ಕಲಿತ ನಮ್ಮಲ್ಲಿ ಹೆಚ್ಚಿನವರಿಗೆ ಪುಸ್ತಕ, ಬಟ್ಟೆ ಬಂದದ್ದು ಶೇಂಗಾ, ರಾಗಿ, ಈರುಳ್ಳಿ ಬೆಳೆದ ಹೊಲದಿಂದ. ಆ ಋಣದ ಮಾತು ಇದು.

ನಮ್ಮ ಹಿರಿಯರು ಹೊಲದಲ್ಲಿ ಕುರಿ ತರುಬಿಸುತ್ತಿದ್ದರು, ಬೇಸಿಗೆಯಲ್ಲಿ ಕೆರೆಗೋಡು ಹೊಡೆಸುತ್ತಿದ್ದರು. ಆಮೇಲೆ ಚೀಲದ ಗೊಬ್ಬರ ಬಂತು. 50 ಕೆ.ಜಿ. ಡಿಎಪಿ ಚೀಲದಲ್ಲಿ 9 ಕೆ.ಜಿ. ಸಾರಜನಕ, 23 ಕೆ.ಜಿ. ರಂಜಕ ಇರುತ್ತದೆ. ಗಂಧಕ, ಸತುಗಳನ್ನು ಅದು ಕೊಡುವುದಿಲ್ಲ. ಬೆಳೆ ಮಾತ್ರ ಪ್ರತಿವರ್ಷ ಅವನ್ನು ಹೀರಿಕೊಳ್ಳುತ್ತಲೇ ಇರುತ್ತದೆ.

2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ಜೊತೆಗೂಡಿ ಭೂಚೇತನ ಆರಂಭಿಸಿದಾಗ ಮೊದಲ ಹಂತದಲ್ಲೇ ಚಿತ್ರದುರ್ಗ ಜಿಲ್ಲೆ ಸೇರಿತ್ತು. ಮಣ್ಣು ಪರೀಕ್ಷೆಯಲ್ಲಿ ಕಂಡದ್ದು ಇದೇ: ಗಂಧಕ, ಸತು, ಬೋರಾನ್‌ಗಳ ಕೊರತೆ. ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ಅರ್ಧ ಬೆಲೆಗೆ ಸಿಕ್ಕವು. ಊರಿನವರೇ ಆದ ರೈತ ಅನುವುಗಾರರು ಹೊಲಕ್ಕೆ ಬಂದು ತಿಳಿಸಿದರು. ನಮ್ಮವರೇ ಬಂದು ಹೇಳಿದ್ದರಿಂದ ಮಾತು ಮನಸ್ಸಿಗೆ ಹತ್ತಿತು.

2015ರ ಫೆಬ್ರವರಿ 19ರಂದು ಕೇಂದ್ರದ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂತು. ರಸಸಾರ, ಸಾವಯವ ಇಂಗಾಲ ಸೇರಿ 12 ಅಂಶಗಳ ಲೆಕ್ಕ ಅದರಲ್ಲಿದೆ. ಆದರೆ ಒಂದು ವಿಷಯ ಗಮನಿಸಿ. ಆ ಯೋಜನೆಯಲ್ಲಿ ನೀರಾವರಿ ಜಮೀನಾದರೆ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ, ಖುಷ್ಕಿಯಾದರೆ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಒಂದೇ ಮಾದರಿ ಎಂದಿತ್ತು. ನಮ್ಮ ಕಡೆ 25 ಎಕರೆಯೊಳಗೆ ಮೇಲೆ ಗರಸು, ಕೆಳಗೆ ಎರೆ ಇರಬಹುದು. ಚೀಟಿಯಲ್ಲಿ ನಿಮ್ಮ ಹೆಸರಿದ್ದರೂ ಮಣ್ಣು ಪಕ್ಕದವರ ಹೊಲದ್ದಾಗಿರಬಹುದು. ಅದನ್ನು ನಂಬಿ ಸಾಲ ಮಾಡಿ ಗೊಬ್ಬರ ತಂದರೆ ನಷ್ಟ ನಮಗೇ.

ಅದಕ್ಕೇ ನಮ್ಮ ಮಣ್ಣನ್ನು ನಾವೇ ತೆಗೆಯೋಣ. ಬದು, ತಿಪ್ಪೆ, ಮರದ ನೆರಳು ಬಿಟ್ಟು, ಹೊಲದ ಎಂಟು ಹತ್ತು ಕಡೆ ಗೇಣುದ್ದಕ್ಕಿಂತ ಕಡಿಮೆ, 15 ಸೆಂ.ಮೀ. ಆಳದವರೆಗೆ ಅಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕೊಟ್ಟರೆ ಸಾಕು. ರೈತ ಸಂಪರ್ಕ ಕೇಂದ್ರವಿದೆ, ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಈ ದಿನ ನನ್ನದೊಂದು ಕೋರಿಕೆ. ಶಾಲೆಯಲ್ಲಿ ಊರಿನ ಮಣ್ಣಿನ ರಿಜಿಸ್ಟರ್ ಒಂದು ಇರಲಿ. ಒಂಬತ್ತನೇ ತರಗತಿ ಮಕ್ಕಳು ಮೇಷ್ಟ್ರ ಜೊತೆ ಹೋಗಿ ಮಾದರಿ ತೆಗೆಯಲಿ, ಫಲಿತಾಂಶ ಬರೆದಿಡಲಿ. ಮೂರು ವರ್ಷಕ್ಕೊಮ್ಮೆ ಅದೇ ಹೊಲವನ್ನು ಮತ್ತೆ ನೋಡಲಿ. ಪರೀಕ್ಷೆಯ ಖರ್ಚಿಗೆ ಹಳೆಯ ವಿದ್ಯಾರ್ಥಿಗಳು ಕೈಜೋಡಿಸೋಣ. ಫಲಿತಾಂಶ ಮುಂಗಾರು ಬಿತ್ತನೆಗೆ ಮೊದಲೇ ಬರಲಿ ಎಂದು ಗ್ರಾಮಸಭೆಯಲ್ಲಿ ಎಲ್ಲರೂ ಸೇರಿ ಕೇಳೋಣ. ಬಿತ್ತಿದ ಮೇಲೆ ಬಂದ ಚೀಟಿಯಿಂದ ಆ ವರ್ಷದ ಬೆಳೆಗೆ ಏನು ಪ್ರಯೋಜನ?

ಮುಂದಿನ ಐವತ್ತು ವರ್ಷಕ್ಕೆ ಈ ಶಾಲೆಗೆ ಮಕ್ಕಳು ಬರಬೇಕಾದರೆ ಊರಲ್ಲಿ ಬೇಸಾಯ ಉಳಿಯಬೇಕು. ಬೇಸಾಯ ಉಳಿಯಲು ಮಣ್ಣು ಉಳಿಯಬೇಕು.